ಅಂತಿಮ ಮಾತು ಯಾರದು

ಸರ್ಕಾರಿ ಟೆಂಡರಿನ ಜಗಳ ದೇಶದ ಯಾವ ಹೈಕೋರ್ಟಿಗೆ ಹೋದರೂ ಅಲ್ಲಿ ಒಂದು ಹೆಸರು ಕೇಳಿಬರುತ್ತದೆ: ರಮಣ ದಯಾರಾಮ್ ಶೆಟ್ಟಿ. ಗುತ್ತಿಗೆ ಕೊಡುವಾಗಲೂ ಸರ್ಕಾರ ಮನಸ್ಸಿಗೆ ಬಂದಂತೆ ನಡೆಯುವಂತಿಲ್ಲ, ತಾನೇ ಬರೆದ ಷರತ್ತಿಗೆ ತಾನೂ ಬದ್ಧ ಎಂದು ಸುಪ್ರೀಂ ಕೋರ್ಟು 1979ರಲ್ಲಿ ಹೇಳಿದ್ದು ಅವರ ಮೊಕದ್ದಮೆಯಲ್ಲಿ. ಕಾನೂನು ಕಾಲೇಜಿನ ಮಕ್ಕಳು ಆ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಆ ಮೊಕದ್ದಮೆಯಲ್ಲಿ ಶೆಟ್ಟರು ಸೋತರು ಎಂಬುದು ಅಷ್ಟು ಜನಕ್ಕೆ ಗೊತ್ತಿರುವುದಿಲ್ಲ.

ನಾನು ವಕೀಲನಲ್ಲ. ಭಾಷಾಂತರ ನನ್ನ ಹೊಟ್ಟೆಪಾಡು. ಟಿಟ್ವಾಳಾದಲ್ಲಿ ಕೂತು ಕನ್ನಡ, ಮರಾಠಿ, ಇಂಗ್ಲಿಷುಗಳ ನಡುವೆ ಕಾಗದ ಆಚೀಚೆ ಮಾಡುತ್ತೇನೆ. ಅದರಲ್ಲಿ ದೊಡ್ಡ ಪಾಲು ಟೆಂಡರ್ ದಸ್ತಾವೇಜು, ಕರಾರುಪತ್ರ, ಗುತ್ತಿಗೆದಾರರು ಇಲಾಖೆಗೆ ಬರೆದ ಪತ್ರಗಳು. ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯವರು ಇಲ್ಲಿ ಕೆಲಸ ಹಿಡಿಯುತ್ತಾರೆ, ಇಲ್ಲಿಯವರು ಅಲ್ಲಿ. ಈ ಕಾಗದಗಳಲ್ಲಿ ಎಂದೂ ತಪ್ಪದೆ ಬರುವ ಒಂದು ವಾಕ್ಯವಿದೆ. ವಿವಾದ ಬಂದರೆ ಎಂಜಿನಿಯರರ ತೀರ್ಮಾನವೇ ಅಂತಿಮ, ಅದು ಗುತ್ತಿಗೆದಾರನಿಗೆ ಬಂಧನಕಾರಿ. ಮರಾಠಿಯಲ್ಲೂ ‘ಅಂತಿಮ’, ಕನ್ನಡದಲ್ಲೂ ‘ಅಂತಿಮ’. ಭಾಷಾಂತರಕಾರನಿಗೆ ಇದಕ್ಕಿಂತ ಸುಲಭದ ಸಾಲಿಲ್ಲ. ಆದರೆ ಆ ಪದ ನಿಜವಾಗಿ ಎಷ್ಟು ಅಂತಿಮ ಎಂದು ತೀರ್ಮಾನಿಸುವುದಕ್ಕೆ ನೂರೆಪ್ಪತ್ತು ವರ್ಷ ಸಾಲಲಿಲ್ಲ.

ಆ ವಾಕ್ಯ ಈ ದೇಶಕ್ಕೆ ಬಂದದ್ದು ರೈಲಿನ ಕಾಲದ ಇಂಗ್ಲಿಷ್ ಕರಾರುಗಳ ಜೊತೆ. ಬೋರಿಬಂದರಿನಿಂದ ಠಾಣೆಗೆ 1853ರಲ್ಲಿ ಓಡಿದ ಗಾಡಿ 1854ರಲ್ಲಿ ಕಲ್ಯಾಣಕ್ಕೆ ಬಂತು. 1855ರಲ್ಲಿ ಹಳಿ ಕಲ್ಯಾಣದಿಂದ ಕಾಳು ನದಿಯ ಕಡೆ ತಿರುಗಿ, ಇಂದಿನ ಟಿಟ್ವಾಳಾ ದಾಟಿ ವಾಸಿಂದ್ ತಲುಪಿತು. ಕಟ್ಟಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ, ಕಟ್ಟಿದ್ದು ಗುತ್ತಿಗೆದಾರರು. ಮೊದಲ ತುಂಡು ಫೇವಿಯಲ್ ಮತ್ತು ಫೌಲರ್ ಎಂಬ ಇಂಗ್ಲಿಷರದು. ಪಾರ್ಸಿ ಜಮ್‌ಶೆಟ್‌ಜಿ ದೊರಾಬ್‌ಜಿಯಂಥ ಸ್ಥಳೀಯರೂ ಆ ಕಾಲದಲ್ಲೇ ರೈಲ್ವೆ ಗುತ್ತಿಗೆ ಹಿಡಿದು ಹೆಸರು ಮಾಡಿದರು. ಗುತ್ತಿಗೆ ಎಂದರೆ ಆಗ ಎಂಥ ಜೂಜು ಎನ್ನುವುದಕ್ಕೆ ಭೋರ್ ಘಾಟ್ ನೋಡಿದರೆ ಸಾಕು. ಫೇವಿಯಲ್ ಅದನ್ನು ಹಿಡಿದರು. 1859ರಲ್ಲಿ ಕೂಲಿ ಬಾಕಿಯ ಸಿಟ್ಟಿನಿಂದ ಕೆಲಸಗಾರರು ದಂಗೆ ಎದ್ದರು. ಕೆಲವೇ ವಾರಗಳಲ್ಲಿ ಫೇವಿಯಲ್ ಕೈಬಿಟ್ಟರು. ಮುಂದೆ ಬಂದ ಸಾಲೊಮನ್ ಟ್ರೆಡ್‌ವೆಲ್ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡರು. ಅವರ ಹೆಂಡತಿ ಆಲಿಸ್ ಗುತ್ತಿಗೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡು 1863ರ ಹೊತ್ತಿಗೆ ಮುಗಿಸಿಕೊಟ್ಟರು.

ಇಂಗ್ಲೆಂಡಿನಲ್ಲಿ ಅದೇ 1854ರಲ್ಲಿ ಒಂದು ಹಳೆಯ ವ್ಯಾಜ್ಯ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತೀರ್ಮಾನವಾಯಿತು. ವಿಲಿಯಂ ರೇಂಜರ್ ಎಂಬ ಗುತ್ತಿಗೆದಾರ ಗ್ರೇಟ್ ವೆಸ್ಟರ್ನ್ ರೈಲ್ವೆಗೆ ಬ್ರಿಸ್ಟಲ್ ಕಡೆ ಕೆಲಸ ಹಿಡಿದಿದ್ದ. ಕೆಲಸ ನಿಧಾನವಾಯಿತೆಂದು ಕಂಪನಿ 1838ರಲ್ಲಿ ಅವನನ್ನು ತೆಗೆದುಹಾಕಿ ಸಾಮಾನು ಸರಂಜಾಮು ವಶಪಡಿಸಿಕೊಂಡಿತು. ಅಳತೆ, ಬಿಲ್ಲು, ಗುಣಮಟ್ಟ ಎಲ್ಲಕ್ಕೂ ಕೊನೆಯ ಮಾತು ಕಂಪನಿಯ ಎಂಜಿನಿಯರ್ ಬ್ರೂನೆಲ್‌ರದು. ಆ ಬ್ರೂನೆಲ್ ಕಂಪನಿಯ ಷೇರುದಾರರೂ ಹೌದು ಎಂದು ರೇಂಜರ್‌ಗೆ ಗೊತ್ತಾದದ್ದು ತಡವಾಗಿ. ಲಾಭದಲ್ಲಿ ಪಾಲಿರುವವನು ಪಂಚ ಹೇಗಾದಾನು ಎಂದು ಅವನ ವಕೀಲರು ಕೇಳಿದರು. ಲಾರ್ಡುಗಳು ಒಪ್ಪಲಿಲ್ಲ. ಎಂಜಿನಿಯರ್ ಕಂಪನಿಯ ಮನುಷ್ಯ ಎಂದು ತಿಳಿದೇ ಸಹಿ ಮಾಡಿದ್ದೀಯಲ್ಲ, ಅವನು ನಡುವಿನವನೆಂದು ನಿನಗೆ ಯಾರೂ ಹೇಳಿರಲಿಲ್ಲವಲ್ಲ ಎಂಬುದು ಅವರ ತರ್ಕದ ಸಾರ. ಹದಿನಾರು ವರ್ಷದ ದಾವೆಗೆ ಸಿಕ್ಕ ಉತ್ತರ ಇದು. ಭಾರತದ ಲೋಕೋಪಯೋಗಿ ಇಲಾಖೆಗಳು ಆ ನಮೂನೆಯನ್ನು ಹಾಗೆಯೇ ಸಾಕಿಕೊಂಡು ಬಂದವು.

ಅಮೆರಿಕದಲ್ಲೂ ಕತೆ ಹೆಚ್ಚು ಬೇರೆಯಲ್ಲ. ಸರ್ಕಾರದ ಮೇಲಿನ ಹಣದ ದಾವೆಗಳಿಗೆಂದೇ ಅಲ್ಲಿ 1855ರಲ್ಲಿ ಕೋರ್ಟ್ ಆಫ್ ಕ್ಲೇಮ್ಸ್ ಹುಟ್ಟಿತು. ಆದರೂ ಕರಾರಿನಲ್ಲಿ ‘ಇಲಾಖಾ ಮುಖ್ಯಸ್ಥರ ತೀರ್ಮಾನ ಅಂತಿಮ’ ಎಂದು ಬರೆದಿದ್ದರೆ, ಮೋಸವನ್ನು ಸಾಬೀತು ಮಾಡದ ಹೊರತು ಕೋರ್ಟು ಕೈಹಾಕುವಂತಿಲ್ಲ ಎಂದು 1951ರಲ್ಲಿ ವಂಡರ್ಲಿಕ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತು. ಗುತ್ತಿಗೆದಾರರು ಗಲಾಟೆ ಎಬ್ಬಿಸಿದರು. 1954ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ತಂದು ಆ ತೀರ್ಪಿನ ಹಲ್ಲು ಕಿತ್ತಿತು. 1978ರಲ್ಲಿ ಗುತ್ತಿಗೆ ವಿವಾದಗಳಿಗೇ ಒಂದು ಪ್ರತ್ಯೇಕ ಕಾನೂನು ಬಂತು. ಸರ್ಕಾರಿ ಗುತ್ತಿಗೆಯ ವಕೀಲಿಕೆ ಅಲ್ಲಿ ಒಂದು ಬೇರೆಯೇ ಕಸುಬಾಗಿ ಬೆಳೆದದ್ದು ಹೀಗೆ. ನಮ್ಮಲ್ಲಿ ಅಂಥ ಕೇಂದ್ರ ಕಾನೂನು ಬರಲಿಲ್ಲ. ನಮ್ಮ ಕಾನೂನು ತೀರ್ಪಿನಿಂದ ತೀರ್ಪಿಗೆ, ಒಬ್ಬೊಬ್ಬ ಗುತ್ತಿಗೆದಾರನ ಖರ್ಚಿನಲ್ಲಿ ಕಟ್ಟಿದ್ದು.

ಮೊದಲ ಖರ್ಚು ನಮೂನೆಯದು. ಸರ್ಕಾರದ ಕರಾರು ಗವರ್ನರ್ ಹೆಸರಿನಲ್ಲಿ, ಅಧಿಕಾರ ಪಡೆದವರ ಸಹಿಯೊಡನೆ ಇರಬೇಕೆಂದು 1935ರ ಭಾರತ ಸರ್ಕಾರ ಕಾಯ್ದೆ ಹೇಳುತ್ತಿತ್ತು. ಸಂವಿಧಾನದ 299ನೇ ವಿಧಿ ಅದನ್ನೇ ಮುಂದುವರಿಸಿತು. ಯುದ್ಧಕಾಲದಲ್ಲಿ ರೈಲ್ವೆಯ ವಿಭಾಗೀಯ ಅಧಿಕಾರಿಯೊಬ್ಬರು ಭಿಕ್‌ರಾಜ್ ಜೈಪುರಿಯಾ ಎಂಬ ವ್ಯಾಪಾರಿಗೆ ಧಾನ್ಯದ ಆರ್ಡರ್ ಕೊಟ್ಟರು. ಒಂದಿಷ್ಟು ಮಾಲು ತೆಗೆದುಕೊಂಡ ರೈಲ್ವೆ ಉಳಿದದ್ದು ಬೇಡವೆಂದಿತು. ವ್ಯಾಪಾರಿ ಸುಪ್ರೀಂ ಕೋರ್ಟಿನ ತನಕ ಹೋದ. ನಮೂನೆಯಲ್ಲಿ ಇಲ್ಲದ್ದು ಕರಾರೇ ಅಲ್ಲ ಎಂದು 1961ರಲ್ಲಿ ಉತ್ತರ ಬಂತು. ಅದೇ ವರ್ಷದ ಕೊನೆಗೆ, ಬಂಗಾಳದ ಆರಾಮ್‌ಬಾಗ್‌ನಲ್ಲಿ ಸರ್ಕಾರದ ಮಾತಿನ ಮೇಲೆ ದಾಸ್ತಾನು ಶೆಡ್ಡು ಕಟ್ಟಿಕೊಟ್ಟ ಬಿ.ಕೆ. ಮಂಡಲ್ ಕಂಪನಿಯ ಪ್ರಕರಣದಲ್ಲಿ ಕೋರ್ಟು ಒಂದು ಸಣ್ಣ ಬಾಗಿಲು ತೆರೆಯಿತು. ಕರಾರು ಅಸಿಂಧುವಾದರೂ, ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸವನ್ನು ಸರ್ಕಾರ ಅನುಭವಿಸಿದ್ದರೆ ಕರಾರು ಕಾಯ್ದೆಯ 70ನೇ ಕಲಮಿನಡಿ ಪರಿಹಾರ ಕೊಡಬೇಕು ಎಂದಿತು. ಕೆಲಸವೇ ನಿಂತು ಸಾಕ್ಷಿ ಹೇಳಬೇಕಾದ ಬಾಗಿಲು ಅದು.

ಈ ಬಾಗಿಲಿನ ಮುಂದೆ ಈಗಲೂ ಜನ ನಿಂತಿದ್ದಾರೆ. ಬೆಳಗಾವಿ ಪಕ್ಕದ ಹಿಂಡಲಗಾದಲ್ಲಿ ರಸ್ತೆ ಕೆಲಸ ಮಾಡಿಸಿದ್ದ ಗುತ್ತಿಗೆದಾರರೊಬ್ಬರು 2022ರ ಏಪ್ರಿಲ್‌ನಲ್ಲಿ ಉಡುಪಿಯ ಲಾಡ್ಜಿನಲ್ಲಿ ಸತ್ತದ್ದು, ಸಚಿವರೊಬ್ಬರು ರಾಜೀನಾಮೆ ಕೊಟ್ಟದ್ದು, ಸಚಿವರ ವಿರುದ್ಧ ಸಾಕ್ಷ್ಯವಿಲ್ಲವೆಂದು ಪೊಲೀಸರು ಅದೇ ವರ್ಷ ಬಿ ರಿಪೋರ್ಟ್ ಹಾಕಿದ್ದು ನಿಮಗೆ ನೆನಪಿರುತ್ತದೆ. ಟೀವಿಯಲ್ಲಿ ಕಮಿಷನ್ನಿನ ಶೇಕಡಾವಾರು ಚರ್ಚೆಯಾಯಿತು. ನನಗೆ ನೆನಪಿನಲ್ಲಿ ಉಳಿದದ್ದು ಸರ್ಕಾರದ ಕಡೆಯ ಒಂದೇ ಮಾತು: ಆ ಕೆಲಸಕ್ಕೆ ಕಾರ್ಯಾದೇಶವೇ ಇರಲಿಲ್ಲ. ಮೇಲಿನವರ ಬಾಯಿಮಾತಿನ ಮೇಲೆ ಸಾಲ ತಂದು ಡಾಂಬರು ಹಾಕುವುದು ನಮ್ಮಲ್ಲಿ ಹೊಸದಲ್ಲ. ಹಾಗೆ ಹಾಕಿದವರ ಪರವಾಗಿ ವಕೀಲರು ಹುಡುಕುವುದು ಅರವತ್ತು ವರ್ಷ ಹಳೆಯ ಮಂಡಲ್ ತೀರ್ಪನ್ನೇ.

ಇನ್ನು ಶೆಟ್ಟರ ಕತೆ. ಹೋಟೆಲು, ಶೆಟ್ಟಿ, ಮುಂಬಯಿ ಈ ಮೂರು ಪದ ಒಂದೇ ಕಡೆ ಕಂಡರೆ ಇಲ್ಲಿಯ ಯಾವ ಕನ್ನಡಿಗನೂ ಕತ್ತೆತ್ತಿ ನೋಡುತ್ತಾನೆ. 1977ರ ಜನವರಿ 3ರಂದು ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಎರಡನೇ ದರ್ಜೆಯ ರೆಸ್ಟೋರೆಂಟು ಮತ್ತು ಎರಡು ಸ್ನ್ಯಾಕ್ ಬಾರ್ ನಡೆಸಲು ವಿಮಾನ ನಿಲ್ದಾಣ ಪ್ರಾಧಿಕಾರ ಟೆಂಡರ್ ಕರೆಯಿತು. ಅವಧಿ ಮೂರು ವರ್ಷ. ಕನಿಷ್ಠ 5 ವರ್ಷ ಅನುಭವವಿರುವ ‘ನೋಂದಾಯಿತ ಎರಡನೇ ದರ್ಜೆಯ ಹೋಟೆಲಿಗರು’ ಮಾತ್ರ ಅರ್ಜಿ ಹಾಕಬಹುದು ಎಂದು ಮೊದಲ ಸಾಲಿನಲ್ಲೇ ಇತ್ತು. ಆರು ಟೆಂಡರ್ ಬಂದವು. ತಿಂಗಳಿಗೆ 6,666 ರೂಪಾಯಿ 66 ಪೈಸೆ ಪರವಾನಗಿ ಶುಲ್ಕ ಕೊಡುತ್ತೇನೆಂದ ಒಂದು ಸಂಸ್ಥೆಯದೇ ಎಲ್ಲಕ್ಕಿಂತ ಹೆಚ್ಚು. ಆ ಸಂಸ್ಥೆಗೆ ಕಂಪನಿ ಕ್ಯಾಂಟೀನುಗಳನ್ನು ನಡೆಸಿದ ಅನುಭವ ಬೇಕಾದಷ್ಟಿತ್ತು. ಟೆಂಡರಿನಲ್ಲಿ ಹೇಳಿದ ಅರ್ಥದ ಹೋಟೆಲು ಇರಲಿಲ್ಲ. ಏಪ್ರಿಲ್ 19ರಂದು ಗುತ್ತಿಗೆ ಅವರಿಗೇ ಹೋಯಿತು.

ಶೆಟ್ಟರು ಟೆಂಡರೇ ಹಾಕಿರಲಿಲ್ಲ. ಅವರ ದೂರು ಅಲ್ಲೇ ಇತ್ತು: ಷರತ್ತು ಓದಿ ನಾನು ಹಿಂದೆ ಸರಿದೆ, ಅದು ಬರೀ ಶೃಂಗಾರ ಎಂದು ಗೊತ್ತಿದ್ದರೆ ನಾನೂ ಹಾಕುತ್ತಿದ್ದೆ. ನವೆಂಬರಿನಲ್ಲಿ ಮುಂಬಯಿ ಹೈಕೋರ್ಟಿಗೆ ರಿಟ್ ಹಾಕಿದರು. ಏಕಸದಸ್ಯ ಪೀಠ ಒಳಗೇ ಬಿಟ್ಟುಕೊಳ್ಳಲಿಲ್ಲ. ವಿಭಾಗೀಯ ಪೀಠವೂ ಬಾಗಿಲಲ್ಲೇ ಕಳಿಸಿತು. ಸುಪ್ರೀಂ ಕೋರ್ಟಿನಲ್ಲಿ ಭಗವತಿ, ತುಳಜಾಪುರಕರ್, ಪಾಠಕ್ ಅವರ ಪೀಠ 1979ರ ಮೇ 4ರಂದು ತೀರ್ಪು ಕೊಟ್ಟಿತು.

ಭಾಷೆಯನ್ನು ಓದಿ ಬದುಕುವವನಿಗೆ ಆ ತೀರ್ಪಿನ ಮೊದಲ ಭಾಗ ಹಬ್ಬ. ಪ್ರಾಧಿಕಾರದ ಪರ ವಾದ ಏನೆಂದರೆ, ದರ್ಜೆ ಕೊಡುವುದು ನಗರಪಾಲಿಕೆ, ಅದೂ ಹೋಟೆಲಿಗೆ, ಹೋಟೆಲಿಗನಿಗಲ್ಲ. ಹಾಗಾಗಿ ಆ ಸಾಲಿಗೆ ‘ಎರಡನೇ ದರ್ಜೆಯ ಊಟ ಹಾಕಬಲ್ಲ ಅನುಭವಸ್ಥ’ ಎಂದಷ್ಟೇ ಅರ್ಥ. ಅನುಭವ ಇದೆಯೇ ಎಂದು ನಾವು ನೋಡಿಕೊಂಡೆವು. ಕೋರ್ಟು ಅದನ್ನು ಒಪ್ಪಲಿಲ್ಲ. ದಸ್ತಾವೇಜಿನ ಪದವನ್ನು ವ್ಯರ್ಥ ಎಂದು ತಳ್ಳಿಹಾಕಲು ಅವಸರ ಮಾಡಬಾರದು. ಇಲ್ಲಿರುವುದು ವಸ್ತುನಿಷ್ಠ ಅಳತೆ: ಅರ್ಜಿದಾರ ಅಂಥ ಹೋಟೆಲು ಐದು ವರ್ಷ ನಡೆಸಿದ್ದಾನೋ ಇಲ್ಲವೋ. ಅವನು ಸಮರ್ಥ ಎಂದು ಅಧಿಕಾರಿಗೆ ಅನಿಸಿತೋ ಇಲ್ಲವೋ ಎನ್ನುವುದು ಬೇರೆ ಪ್ರಶ್ನೆ. ಕಾರಣ ಕೊಡದೆ ಯಾವ ಟೆಂಡರನ್ನೂ ತಿರಸ್ಕರಿಸಬಹುದು ಎಂಬ ಕಲಮು ಇತ್ತು ನಿಜ. ತಿರಸ್ಕರಿಸುವ ಹಕ್ಕಿನಿಂದ ಅರ್ಹತೆಯಿಲ್ಲದವನಿಗೆ ಕೊಡುವ ಹಕ್ಕು ಹುಟ್ಟುವುದಿಲ್ಲ. ಅಲ್ಲಿಂದ ತೀರ್ಪು ಹದಿನಾಲ್ಕನೇ ವಿಧಿಗೆ, ಸಮಾನತೆಗೆ ಏರುತ್ತದೆ. ಸರ್ಕಾರದ ಹತ್ತಿರ ಲೈಸೆನ್ಸು, ಗುತ್ತಿಗೆ, ಕೋಟಾ ಎಂಬ ಹೊಸ ಸಂಪತ್ತು ಸೇರಿರುವಾಗ ಅದನ್ನು ಖಾಸಗಿ ಯಜಮಾನನ ಹಾಗೆ ಹಂಚುವಂತಿಲ್ಲ ಎನ್ನುತ್ತದೆ. ವಿಮಾನ ನಿಲ್ದಾಣ ಪ್ರಾಧಿಕಾರದಂಥ ನಿಗಮವೂ ಸಂವಿಧಾನದ ಅರ್ಥದಲ್ಲಿ ಸರ್ಕಾರವೇ ಎಂದೂ ಹೇಳಿತು. ಇವತ್ತು ಯಾವುದೇ ನಿಗಮದ ಮೇಲೆ ರಿಟ್ ಹಾಕುವವರಿಗೆ ಅದು ಅಡಿಗಲ್ಲು.

ಆಮೇಲೆ ಕೊನೆಯ ಭಾಗ. ನಿಲ್ದಾಣದಲ್ಲಿ ಮುಂಚೆ ಹೋಟೆಲು ನಡೆಸುತ್ತಿದ್ದ ಇರಾನಿ ಎಂಬ ಗುತ್ತಿಗೆದಾರರಿಗೆ ಜಾಗ ಬಿಡಲು ಮನಸ್ಸಿರಲಿಲ್ಲ. ಸಿವಿಲ್ ಕೋರ್ಟಿನಲ್ಲಿ ಅವರ ದಾವೆಗಳು ಫಲಿಸಿರಲಿಲ್ಲ. ಶೆಟ್ಟರಿಗೆ ಇದರಲ್ಲಿ ನಿಜವಾದ ಹಿತಾಸಕ್ತಿ ಇಲ್ಲ, ಇರಾನಿಯವರಿಗೆ ಅನುಕೂಲವಾಗಲೆಂದು ಮುಂದೆ ಬಂದವರು ಎಂದು ಕೋರ್ಟು ಭಾವಿಸಿತು. ಗುತ್ತಿಗೆ ಕೊಟ್ಟು ಐದು ತಿಂಗಳು ಕಳೆದ ಮೇಲೆ ಬಂದಿದ್ದಾರೆ. ಅಷ್ಟರಲ್ಲಿ ಹೊಸಬರು ಸುಮಾರು 1,25,000 ರೂಪಾಯಿ ಸುರಿದಿದ್ದಾರೆ. ಆದ್ದರಿಂದ ಗುತ್ತಿಗೆ ಕೊಟ್ಟದ್ದು ಕಾನೂನುಬಾಹಿರ, ಆದರೂ ರದ್ದು ಮಾಡುವುದಿಲ್ಲ. ಶೆಟ್ಟರ ವಾದ ಗೆದ್ದಿತು, ಅರ್ಜಿ ಬಿದ್ದಿತು.

ಟೆಂಡರಿನ ವಕೀಲಿಕೆಯ ಎರಡೂ ಪಾಠ ಇದೊಂದರಲ್ಲೇ ಇವೆ ಎಂದು ನನಗನ್ನಿಸುತ್ತದೆ. ಸಾಲನ್ನು ಓದುವುದು ಒಂದು, ಕ್ಯಾಲೆಂಡರ್ ನೋಡುವುದು ಇನ್ನೊಂದು. ಆಮೇಲಿನ ತೀರ್ಪುಗಳು ಎರಡನೆಯದನ್ನೇ ಬಿಗಿ ಮಾಡುತ್ತ ಹೋದವು. 1994ರ ಟಾಟಾ ಸೆಲ್ಯುಲರ್ ಪ್ರಕರಣ, ಕೋರ್ಟು ನೋಡುವುದು ತೀರ್ಮಾನಕ್ಕೆ ಬಂದ ದಾರಿಯನ್ನು, ತೀರ್ಮಾನವನ್ನಲ್ಲ ಎಂದಿತು. ಮೂಲಸೌಕರ್ಯದ ಕೆಲಸಗಳಿಗೆ ತಡೆಯಾಜ್ಞೆ ಕೊಡಬಾರದೆಂದು 2018ರಲ್ಲಿ ಕಾಯ್ದೆಗೇ ತಿದ್ದುಪಡಿ ಬಂತು. ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇರುವುದರಿಂದ, ಟೆಂಡರ್ ಒಪ್ಪಿದ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿಯ ಅವಕಾಶವಾದರೂ ಇದೆ. ಮಹಾರಾಷ್ಟ್ರದಲ್ಲಿ ಬಹುಮಟ್ಟಿಗೆ ‘ಶಾಸನ ನಿರ್ಣಯ’ ಎಂಬ ಸರ್ಕಾರಿ ಆದೇಶಗಳ ಮೇಲೆ ಕೆಲಸ ನಡೆಯುತ್ತದೆ. ಗಡಿ ದಾಟಿ ಕೆಲಸ ಹಿಡಿಯುವವರು ಈ ವ್ಯತ್ಯಾಸವನ್ನು ಎಡವಿದ ಮೇಲೆ ಕಲಿಯುತ್ತಾರೆ.

ಇದು ಗುತ್ತಿಗೆ ಸಿಗುವ ತನಕದ ಜಗಳ. ಸಿಕ್ಕ ಮೇಲಿನದು ಮತ್ತೆ ಎಂಜಿನಿಯರರ ಅಂತಿಮ ಮಾತಿಗೇ ಬಂದು ನಿಲ್ಲುತ್ತದೆ. ಅದರಲ್ಲಿ ಕರ್ನಾಟಕದ ಎರಡು ಪ್ರಕರಣ ನನಗೆ ಬಹಳ ಮುಖ್ಯ.

ಮೊದಲನೆಯದು ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್‌ನದು. ರಾಜ್ಯ ಸರ್ಕಾರದ ಜೊತೆಗಿನ ಕರಾರಿಗೆ ಠೇವಣಿ ಬರೀ 500 ರೂಪಾಯಿ. ಷರತ್ತು ಮುರಿದರೆ ಎರಡನೇ ಪಕ್ಷ, ಅಂದರೆ ಸರ್ಕಾರ, ನಿಗದಿ ಮಾಡಿದಷ್ಟು ನಷ್ಟ ಕೊಡಬೇಕು. ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು ಎಂದು 12ನೇ ಕಲಮು. ಕಂದಾಯ ಬಾಕಿ ಎಂದರೆ ಏನೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಮನೆಯ ಮುಂದೆ ಜಪ್ತಿ. ಸರ್ಕಾರ ತಾನೇ ಲೆಕ್ಕ ಹಾಕಿ ವಸೂಲಿಗೆ ಇಳಿಯಿತು. 1987ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ಎರಡು ಹೋಳು ಮಾಡಿ ಓದಿತು. ಷರತ್ತು ಮುರಿದದ್ದನ್ನು ಗಿರಣಿಯವನು ಒಪ್ಪಿಕೊಂಡಿದ್ದರೆ ನಷ್ಟ ಎಷ್ಟು ಎಂದು ಸರ್ಕಾರ ಲೆಕ್ಕ ಹಾಕಬಹುದು. ಮುರಿದನೋ ಇಲ್ಲವೋ ಎಂಬುದರಲ್ಲೇ ತಕರಾರಿದ್ದರೆ, ಅದನ್ನು ಕರಾರಿನ ಒಂದು ಪಕ್ಷವೇ ತೀರ್ಮಾನಿಸುವಂತಿಲ್ಲ. ತನ್ನ ಕೇಸಿಗೆ ತಾನೇ ನ್ಯಾಯಾಧೀಶನಾಗುವಂತಿಲ್ಲ. ಭತ್ತ ಅಕ್ಕಿಯ ಗಿರಣಿಯವರಿಂದ ಬಂದ ಈ ತೀರ್ಪನ್ನು ಇಂದು ಸೇತುವೆ, ಅಣೆಕಟ್ಟು, ಬಂದರಿನ ವಿವಾದಗಳಲ್ಲಿ ಎತ್ತಿ ಹೇಳುತ್ತಾರೆ.

ಎರಡನೆಯದರಲ್ಲಿ ವಿಷಯ ಉಲ್ಟಾ. ಕರ್ನಾಟಕದ ಕಾಮಗಾರಿ ಕರಾರುಗಳಲ್ಲಿ 29ನೇ ಕಲಮು ಎಂದು ಒಂದಿತ್ತು: ವಿವಾದವನ್ನು ಮುಖ್ಯ ಎಂಜಿನಿಯರ್ ಅಥವಾ ನಿಗದಿತ ಅಧಿಕಾರಿ ತೀರ್ಮಾನಿಸುತ್ತಾರೆ. ಅದರಲ್ಲಿ ಮಧ್ಯಸ್ಥಿಕೆ ಎಂಬ ಮಾತಿರಲಿಲ್ಲ. ಗುತ್ತಿಗೆದಾರರ ವಕೀಲರು ಜಾಣ ದಾರಿ ಹಿಡಿದರು. ಅಂತಿಮ ತೀರ್ಮಾನ ಕೊಡುವವನು ಇದ್ದಾನೆ ಎಂದರೆ ಅದು ಮಧ್ಯಸ್ಥಿಕೆಯೇ. ಮಧ್ಯಸ್ಥಿಕೆ ಎಂದ ಮೇಲೆ ನಿಷ್ಪಕ್ಷಪಾತಿ ಮಧ್ಯಸ್ಥಗಾರನನ್ನು ಕೊಡಿ ಎಂದರು. ಕೆಲವು ಕೇಸುಗಳಲ್ಲಿ ಅದು ನಡೆಯಿತು ಕೂಡ. ಕೃಷ್ಣಾ ಭಾಗ್ಯ ಜಲ ನಿಗಮ ಮಧ್ಯಸ್ಥಿಕೆಯಲ್ಲಿ ಪೂರ್ತಿ ಭಾಗವಹಿಸಿ, ಸೋತ ಮೇಲೆ ಇದು ಮಧ್ಯಸ್ಥಿಕೆಯೇ ಅಲ್ಲ ಎಂದಾಗ, 2007ರಲ್ಲಿ ಸುಪ್ರೀಂ ಕೋರ್ಟು ಈಗ ತಡವಾಯಿತು ಎಂದಿತ್ತು. ಆದರೆ 2013ರ ಅಕ್ಟೋಬರಿನಲ್ಲಿ, ಪಿ. ದಶರಥರಾಮ ರೆಡ್ಡಿ ಕಾಂಪ್ಲೆಕ್ಸ್ ಎಂಬ ಹೆಸರಿನ ಗುಂಪು ಮೇಲ್ಮನವಿಗಳಲ್ಲಿ ಅದೇ ಕೋರ್ಟು, 29ನೇ ಕಲಮು ಮಧ್ಯಸ್ಥಿಕೆಯ ಕರಾರಲ್ಲ, ಜಗಳ ಬೆಳೆಯದಂತೆ ಇಲಾಖೆ ಮಾಡಿಕೊಂಡ ಒಳವ್ಯವಸ್ಥೆ ಮಾತ್ರ ಎಂದು ಮುಗಿಸಿತು. ಸಾಕ್ಷ್ಯ ಕೇಳುವುದು, ಎರಡೂ ಕಡೆಯ ವಾದ ತೂಗುವುದು ಯಾವುದೂ ಅಲ್ಲಿಲ್ಲವಲ್ಲ.

ತರ್ಕ ಸರಿಯಾಗಿದೆ. ಆದರೆ ಗುತ್ತಿಗೆದಾರನ ಪಾಡು? ಸಿವಿಲ್ ಕೋರ್ಟಿಗೆ ಹೋಗಬೇಕು. ಸರ್ಕಾರದ ಮೇಲೆ ದಾವೆ ಹೂಡುವ ಮುಂಚೆ 80ನೇ ಕಲಮಿನ ಎರಡು ತಿಂಗಳ ನೋಟಿಸು. ಕೇಳುವ ಹಣ ಏರಿದಂತೆ ಏರುವ ಕೋರ್ಟ್ ಶುಲ್ಕ. ಮೂರು ವರ್ಷದ ಕಾಲಮಿತಿ. ಬರೀ ಮನವಿ ಪತ್ರ ಬರೆಯುತ್ತ ಕೂತರೆ ಅದು ನಿಲ್ಲುವುದಿಲ್ಲ. ನನ್ನ ಮೇಜಿಗೆ ಬರುವ ಕಡತಗಳಲ್ಲಿ ಅಂಥ ಮನವಿ ಪತ್ರಗಳೇ ಹೆಚ್ಚು. ‘ತಮ್ಮ ಘನ ಇಲಾಖೆ’, ‘ದಯಮಾಡಿ ಪರಿಶೀಲಿಸಿ’ ಎಂಬ ಕನ್ನಡ. ಒಂದು ಕಡತದಲ್ಲಿ ಹದಿನೇಳು ಪತ್ರಗಳಿದ್ದವು, ತಕರಾರಿನ ಸಾಲು ಒಂದೂ ಇರಲಿಲ್ಲ. ಅಳತೆ ಪುಸ್ತಕಕ್ಕೆ ಸಹಿ, ಅಂತಿಮ ಬಿಲ್ಲಿಗೆ ಸಹಿ, ಇನ್ನು ನನ್ನದೇನೂ ಬಾಕಿಯಿಲ್ಲ ಎಂಬ ಚೀಟಿಗೆ ಸಹಿ. ಆ ಚೀಟಿ ಕೊಡದಿದ್ದರೆ ಚೆಕ್ಕು ಬರುವುದಿಲ್ಲ, ಕೊಟ್ಟರೆ ಕೇಸು ಸಾಯುತ್ತದೆ ಎಂಬ ಸಂಕಟಕ್ಕೆ ಸ್ವಲ್ಪ ಪರಿಹಾರ ಸಿಕ್ಕಿದ್ದು 2008ರಲ್ಲಿ, ಬೋಘರಾ ಪಾಲಿಫ್ಯಾಬ್ ಎಂಬ ವಿಮೆಯ ಪ್ರಕರಣದಲ್ಲಿ. ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ರವೀಂದ್ರನ್ ಬರೆದ ತೀರ್ಪು ಅದು. ಒತ್ತಡಕ್ಕೆ ಸಿಕ್ಕಿ ಹಾಕಿದ ಸಹಿ ಎಂದು ತೋರಿಸಬಲ್ಲವನಿಗೆ ಬಾಗಿಲು ಮುಚ್ಚುವುದಿಲ್ಲ ಎಂದಿತು. ತೋರಿಸುವುದಕ್ಕೆ ಕಾಗದ ಬೇಕು. ವಕೀಲರು ಬರುವ ಹೊತ್ತಿಗೆ ಬರೆಯಬೇಕಾಗಿದ್ದ ಕಾಗದದ ದಿನ ಕಳೆದಿರುತ್ತದೆ. ದೊಡ್ಡ ಕಂಪನಿಗಳು ಟೆಂಡರ್ ತುಂಬುವಾಗಲೇ ವಕೀಲರನ್ನು ಕೂರಿಸಿಕೊಳ್ಳುತ್ತವೆ. ಚರಂಡಿ, ಶಾಲೆಯ ಕಾಂಪೌಂಡು ಕಟ್ಟುವವರು ಕಪ್ಪುಪಟ್ಟಿಯ ನೋಟಿಸು ಬಂದ ದಿನ ಹುಡುಕುತ್ತಾರೆ. ನಾಳೆಯ ಟೆಂಡರನ್ನೂ ಇದೇ ಸಾಹೇಬರ ಹತ್ತಿರ ತುಂಬಬೇಕು ಎಂಬ ಭಯ ಬೇರೆ. ಆ ಭಯಕ್ಕೆ ಯಾವ ಕಲಮೂ ಇಲ್ಲ.

ರೇಂಜರ್ ಕೇಳಿದ ಪ್ರಶ್ನೆಗೆ ಭಾರತದಲ್ಲಿ ಬೇರೆ ಉತ್ತರ ಸಿಕ್ಕಿದ್ದು 2024ರ ನವೆಂಬರ್ 8ರಂದು. ಅದೂ ರೈಲ್ವೆಯದೇ ಕೇಸು. ರೈಲ್ವೆ ವಿದ್ಯುದೀಕರಣ ಸಂಸ್ಥೆಯ ಕರಾರಿನಲ್ಲಿ, ರೈಲ್ವೆ ತಾನೇ ಮಾಡಿದ ಪಟ್ಟಿಯಿಂದ ಗುತ್ತಿಗೆದಾರ ಮಧ್ಯಸ್ಥಗಾರರನ್ನು ಆರಿಸಬೇಕಿತ್ತು. ಒಂದೇ ಪಕ್ಷದ ಕೈಯಲ್ಲಿ ನೇಮಕದ ಹಿಡಿತ ಇರುವುದು ಸಮಾನತೆಗೆ ವಿರುದ್ಧ ಎಂದು ಐವರು ನ್ಯಾಯಮೂರ್ತಿಗಳ ಪೀಠದ ಬಹುಮತ ಹೇಳಿತು. 1854ರಿಂದ ಎಣಿಸಿದರೆ 170 ವರ್ಷ.

ಅದಕ್ಕೆ ಐದು ತಿಂಗಳ ಮುಂಚೆ, ಜೂನ್ 3ರಂದು ಕೇಂದ್ರ ಹಣಕಾಸು ಸಚಿವಾಲಯ ಒಂದು ಸುತ್ತೋಲೆ ಹೊರಡಿಸಿತ್ತು. ಸರ್ಕಾರಿ ಖರೀದಿಯ ಕರಾರುಗಳಲ್ಲಿ ಮಧ್ಯಸ್ಥಿಕೆಯ ಕಲಮನ್ನು ತಾನಾಗಿ ಸೇರಿಸಬೇಡಿ, ಸೇರಿಸಿದರೂ ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆಯ ವಿವಾದಗಳಿಗೆ ಸೀಮಿತಗೊಳಿಸಿ, ಉಳಿದದ್ದು ರಾಜಿ ಅಥವಾ ಕೋರ್ಟು ಎಂದು ಅದರಲ್ಲಿದೆ. ನಿಷ್ಪಕ್ಷಪಾತಿ ಮಧ್ಯಸ್ಥಗಾರನ ಹಕ್ಕು ಬರುವ ಹೊತ್ತಿಗೆ ಮಧ್ಯಸ್ಥಿಕೆಯ ಸಾಲೇ ಕರಾರುಗಳಿಂದ ಜಾಗ ಖಾಲಿ ಮಾಡತೊಡಗಿದೆ. ಎಂಜಿನಿಯರರ ‘ಅಂತಿಮ’ ಮಾತ್ರ ನಾನು ಭಾಷಾಂತರಿಸುವ ಕಾಗದಗಳಲ್ಲಿ ಇದ್ದ ಜಾಗದಲ್ಲೇ ಇದೆ.